ಡೆಮೊ ಮುಗಿದ ಮೇಲೆ ಶುರುವಾಗುವ ಪರೀಕ್ಷೆ: ಎಐ ಕಾಲದಲ್ಲಿ ಹೂಡಿಕೆದಾರರು ಸ್ಥಾಪಕರನ್ನು ಅಳೆಯುವ ಬಗೆ

ಕೆಲವೇ ವರ್ಷಗಳ ಹಿಂದೆ, ಓಡುವ ಒಂದು ಡೆಮೊ ಕೈಯಲ್ಲಿದ್ದರೆ ಅರ್ಧ ಕೆಲಸ ಆದ ಹಾಗೆಯೇ ಇತ್ತು. ಅದನ್ನು ಕಟ್ಟಲು ತಿಂಗಳುಗಟ್ಟಲೆ ಬೇಕಿತ್ತು. ಸಂಬಳವಿಲ್ಲದೆ ದುಡಿಯಲು ಒಪ್ಪಿದ ಒಬ್ಬಿಬ್ಬರು ಎಂಜಿನಿಯರುಗಳೂ ಬೇಕಿತ್ತು. ಹಾಗಾಗಿ ಹೂಡಿಕೆದಾರರು ಡೆಮೊ ನೋಡುವಾಗ ಅದರ ಹಿಂದಿದ್ದ ಹಟ, ಕೌಶಲ, ನಾಲ್ಕು ಜನರನ್ನು ಜೊತೆಗೆ ಕರೆದೊಯ್ಯುವ ಶಕ್ತಿ ಎಲ್ಲವನ್ನೂ ಒಟ್ಟಿಗೆ ಓದಿಕೊಳ್ಳುತ್ತಿದ್ದರು.

ಈಗ ಅದೇ ಡೆಮೊ ಎರಡು ದಿನದ ಕೆಲಸ. ಬೇಕಾದ್ದನ್ನು ಮಾತಿನಲ್ಲಿ ಹೇಳಿ, ಎಐ ಬರೆದ ಕೋಡನ್ನು ಹಾಗೇ ಒಪ್ಪಿಕೊಂಡು ಹೋಗುವ ರೀತಿಗೆ ಎಐ ಸಂಶೋಧಕ ಆಂಡ್ರೆ ಕಾರ್ಪಥಿ 2025ರ ಫೆಬ್ರವರಿಯಲ್ಲಿ ‘ವೈಬ್ ಕೋಡಿಂಗ್’ ಎಂದು ಹೆಸರಿಟ್ಟರು. ಮರುತಿಂಗಳೇ, ಹೊಸ ಕಂಪನಿಗಳಿಗೆ ಆರಂಭದ ಹಣ, ಮಾರ್ಗದರ್ಶನ ಕೊಡುವ ವೈ ಕಾಂಬಿನೇಟರ್‌ನ ಮುಖ್ಯಸ್ಥ ಗ್ಯಾರಿ ಟಾನ್, ತಮ್ಮ ಆ ಚಳಿಗಾಲದ ತಂಡದ ಸುಮಾರು ಕಾಲು ಭಾಗ ಕಂಪನಿಗಳಲ್ಲಿ ಶೇ 95ರಷ್ಟು ಕೋಡ್ ಎಐ ಬರೆದದ್ದು ಎಂದರು. ಡೆಮೊ ಇದ್ದರೆ ಇವರು ಏನನ್ನಾದರೂ ಕಟ್ಟಬಲ್ಲರು ಎಂದು ತಿಳಿಯುತ್ತಿತ್ತಲ್ಲ, ಆ ಸಾಕ್ಷಿ ಕೈತಪ್ಪಿ ಹೋಗಿದೆ.

ಹಾಗೆಂದು ಸ್ಥಾಪಕರನ್ನು ಅಳೆಯುವುದು ನಿಂತಿಲ್ಲ. ಸಂಶೋಧಕ ಪಾಲ್ ಗೊಂಪರ್ಸ್ ಮತ್ತು ಸಂಗಡಿಗರು 681 ಸಂಸ್ಥೆಗಳ 885 ವೆಂಚರ್ ಹೂಡಿಕೆದಾರರನ್ನು (ಹೊಸ ಕಂಪನಿಗಳಲ್ಲಿ ಪಾಲು ಕೊಂಡು ಹಣ ಹಾಕುವವರನ್ನು) ಕೇಳಿದಾಗ ಶೇ 95ರಷ್ಟು ಸಂಸ್ಥೆಗಳು ಸ್ಥಾಪಕರ ತಂಡವನ್ನು ಮುಖ್ಯ ಅಂಶವೆಂದವು. ಶೇ 47ರಷ್ಟು ಸಂಸ್ಥೆಗಳಿಗೆ ಅದೇ ಎಲ್ಲಕ್ಕಿಂತ ಮುಖ್ಯ. ಇದು ಚಾಟ್‌ಜಿಪಿಟಿ ಬರುವ ಮೊದಲಿನ ಮಾತು. ಈಗ ಪ್ರಾಡಕ್ಟ್ ಕಟ್ಟುವುದು ಸುಲಭವಾದಷ್ಟೂ ಕಟ್ಟಿದವರ ಮೇಲೇ ಕಣ್ಣು ಹೆಚ್ಚು ಹೊತ್ತು ನಿಲ್ಲುತ್ತಿದೆ. ಏನು ಕಟ್ಟಬೇಕು, ಏನು ಬಿಡಬೇಕು ಎಂಬ ತೀರ್ಮಾನಗಳನ್ನು ನೀವು ಹೇಗೆ ತೆಗೆದುಕೊಂಡಿರಿ ಎಂಬುದು ಅವರಿಗೆ ಬೇಕು. ಈ ಲೇಖನ ಆ ಸಾಕ್ಷಿಯನ್ನು ಒಟ್ಟುಮಾಡುವುದು ಹೇಗೆಂಬುದರ ಬಗ್ಗೆ.

ಹೆಜ್ಜೆ 1: ಎದುರು ಕೂತವರ ಲೆಕ್ಕ ತಿಳಿದುಕೊಳ್ಳಿ

ವೆಂಚರ್ ಫಂಡ್‌ಗಳ ಆಯುಷ್ಯ ಸಾಮಾನ್ಯವಾಗಿ ಹತ್ತು ವರ್ಷ. ಹಾಕಿದ ಕಂಪನಿಗಳಲ್ಲಿ ಬಹುಪಾಲು ಮುಳುಗುತ್ತವೆ ಇಲ್ಲವೇ ಹಾಕಿದ ಹಣವನ್ನಷ್ಟೇ ವಾಪಸು ಕೊಡುತ್ತವೆ; ಒಂದೋ ಎರಡೋ ಕಂಪನಿಗಳು ಇಡೀ ಫಂಡನ್ನು ಎತ್ತಿ ನಿಲ್ಲಿಸುತ್ತವೆ. ಆದ್ದರಿಂದ ‘ಇದರಲ್ಲಿ ತಪ್ಪೇನಿಲ್ಲ’ ಎನ್ನಿಸುವ ಕಂಪನಿಗೆ ಅಲ್ಲಿ ಜಾಗವಿಲ್ಲ. ಎಲ್ಲ ಸರಿಹೋದರೆ ಇದು ಎಷ್ಟು ದೊಡ್ಡದಾದೀತು ಎಂಬುದೇ ಅವರ ಮನಸ್ಸಿನಲ್ಲಿ ಓಡುವ ಪ್ರಶ್ನೆ.

ಗೊಂಪರ್ಸ್ ಅವರ ಅದೇ ಸಮೀಕ್ಷೆಯ ಪ್ರಕಾರ ಒಂದು ಸಂಸ್ಥೆ ಸುಮಾರು ನೂರು ಕಂಪನಿಗಳನ್ನು ನೋಡಿ ಒಂದಕ್ಕೆ ಹಣ ಹಾಕುತ್ತದೆ. ಒಂದು ಒಪ್ಪಂದ ಮುಗಿಯಲು ಸರಾಸರಿ 83 ದಿನ, ಪರಿಶೀಲನೆಗೆ 118 ಗಂಟೆ, ನಿಮ್ಮ ಬಗ್ಗೆ ವಿಚಾರಿಸಲು ಸುಮಾರು 10 ಜನರಿಗೆ ಕರೆ. ಪರಿಚಯವೇ ಇಲ್ಲದೆ ಬಂದ ಇಮೇಲ್‌ನಿಂದ ಆದ ಹೂಡಿಕೆ ಹತ್ತರಲ್ಲಿ ಒಂದು ಮಾತ್ರ.

ಇಲ್ಲಿ ಬಹಳ ಜನ ಎಡವುವುದನ್ನು ನೋಡಿದ್ದೇನೆ. ತಮ್ಮ ಎದುರಿಗಿರುವ ಪಾರ್ಟ್‌ನರ್ (ಹೂಡಿಕೆ ಸಂಸ್ಥೆಯ ಪಾಲುದಾರರಲ್ಲಿ ಒಬ್ಬರು) ಒಪ್ಪಿದರೆ ಮುಗಿಯಿತು ಎಂದುಕೊಳ್ಳುತ್ತಾರೆ. ಆ ಪಾರ್ಟ್‌ನರ್ ಮುಂದಿನ ವಾರ ನೀವಿಲ್ಲದ ಕೋಣೆಯಲ್ಲಿ ಕೂತು, ನಿಮ್ಮ ಪರವಾಗಿ ಸಹೋದ್ಯೋಗಿಗಳ ಜೊತೆ ವಾದಿಸಬೇಕು. ಅವರ ಬಾಯಲ್ಲಿ ಎರಡು ನಿಮಿಷದಲ್ಲಿ ಮರುಹುಟ್ಟಬಲ್ಲ ಮಾತು ನಿಮ್ಮಲ್ಲಿ ಇದೆಯೇ? ನಿಮ್ಮ ಕೆಲಸ ಗೊತ್ತಿಲ್ಲದ ಗೆಳೆಯರೊಬ್ಬರಿಗೆ ಐದು ನಿಮಿಷ ಹೇಳಿ, ಮರುದಿನ ಅದನ್ನು ಅವರಿಂದ ಹೇಳಿಸಿ ಕೇಳಿ. ಅವರ ಮಾತಿನಲ್ಲಿ ಉಳಿದುಕೊಂಡದ್ದೇ ನಿಮ್ಮ ಪಿಚ್, ಅಂದರೆ ಹೂಡಿಕೆದಾರರ ಮುಂದಿಡಬೇಕಾದ ಮಾತು. ಮಿಕ್ಕಿದ್ದನ್ನು ಕಿತ್ತುಹಾಕಿ.

ಹೆಜ್ಜೆ 2: ‘ನೀವೇ ಯಾಕೆ?’ ಎಂಬ ಪ್ರಶ್ನೆಗೆ ಅನುಭವದಿಂದ ಉತ್ತರಿಸಿ

ಇಡೀ ಪರೀಕ್ಷೆಯ ತಿರುಳು ಇದು. ಇದಕ್ಕೆ ಹೆಚ್ಚು ಸಮಯ ಕೊಡಿ.

ಇಬ್ಬರು ಸ್ಥಾಪಕರನ್ನು ಕಲ್ಪಿಸಿಕೊಳ್ಳಿ. ಇಬ್ಬರದೂ ಒಂದೇ ಐಡಿಯಾ: ಹಡಗಿನ ಸರಕಿನ ಕಾಗದಪತ್ರಗಳನ್ನು ಎಐಯಿಂದ ಓದಿಸಿ, ತಪ್ಪು ಹುಡುಕುವ ಸಾಫ್ಟ್‌ವೇರ್. ಇಬ್ಬರ ಡೆಮೊವೂ ಹೆಚ್ಚುಕಡಿಮೆ ಒಂದೇ. ಹೂಡಿಕೆದಾರರು ಇಬ್ಬರನ್ನೂ ಒಂದೇ ಪ್ರಶ್ನೆ ಕೇಳುತ್ತಾರೆ: ‘ಈ ಕೆಲಸ ಇವತ್ತು ಯಾಕೆ ಕಷ್ಟ?’

ಮೊದಲನೆಯವರು ಹೇಳುತ್ತಾರೆ: ಜಾಗತಿಕ ವ್ಯಾಪಾರ ಬಹಳ ದೊಡ್ಡದು, ಕಾಗದದ ಕೆಲಸ ಇನ್ನೂ ಕೈಯಲ್ಲೇ ನಡೆಯುತ್ತಿದೆ, ತಪ್ಪುಗಳಿಂದ ನಷ್ಟ ಆಗುತ್ತದೆ, ಎಐ ಇದನ್ನು ವೇಗವಾಗಿ ಮಾಡುತ್ತದೆ. ಒಂದು ಮಾತೂ ಸುಳ್ಳಲ್ಲ. ಆದರೆ ಇದನ್ನು ಯಾವ ಚಾಟ್‌ಬಾಟ್ ಬೇಕಾದರೂ ಹೇಳುತ್ತದೆ.

ಎರಡನೆಯವರು ಸರಕು ಸಾಗಣೆ ಕಂಪನಿಯೊಂದರ ದಾಖಲೆ ವಿಭಾಗದಲ್ಲಿ ಆರು ವರ್ಷ ಕೂತವರು. ಅವರ ಉತ್ತರ ಹೀಗೆ: ‘ಪ್ಯಾಕಿಂಗ್ ಲಿಸ್ಟ್‌ನಲ್ಲಿ ಒಂದು ತೂಕ, ಬಿಲ್ ಆಫ್ ಲೇಡಿಂಗ್‌ನಲ್ಲಿ (ಸರಕು ಹಡಗಿಗೆ ಬಂದದ್ದಕ್ಕೆ ಕೊಡುವ ಪತ್ರ) ಇನ್ನೊಂದು ತೂಕ ಇರುತ್ತದೆ. ಹೊಸಬರಿಗೆ ಅದು ತಪ್ಪು. ಹತ್ತು ವರ್ಷದಿಂದ ಕೂತ ಗುಮಾಸ್ತರಿಗೆ, ಈ ರಫ್ತುದಾರ ಯಾವಾಗಲೂ ಪೆಟ್ಟಿಗೆಯ ತೂಕ ಸೇರಿಸಿಯೇ ಬರೆಯುತ್ತಾನೆ ಎಂದು ಗೊತ್ತು. ಅವರು ತಲೆಯಲ್ಲೇ ಕಳೆದು ಮುಂದೆ ಕಳಿಸುತ್ತಾರೆ. ಆದರೆ ಲೆಟರ್ ಆಫ್ ಕ್ರೆಡಿಟ್‌ನಲ್ಲಿರುವ (ಹಣ ಕೊಡುವುದಾಗಿ ಬ್ಯಾಂಕ್ ಕೊಡುವ ಭರವಸೆ ಪತ್ರ) ಕಂಪನಿಯ ಹೆಸರಿಗೂ ಬಿಲ್‌ನಲ್ಲಿರುವ ಹೆಸರಿಗೂ ಹೊಂದಿಕೆ ಇಲ್ಲದಿದ್ದರೆ ಅದೇ ಗುಮಾಸ್ತರು ಎಲ್ಲ ಕೆಲಸ ಬಿಟ್ಟು ಎದ್ದು ಓಡುತ್ತಾರೆ. ಯಾಕೆಂದರೆ ಬ್ಯಾಂಕ್ ಆ ಕಾಗದ ತಿರಸ್ಕರಿಸಿದರೆ ಹಣ ನಿಂತುಹೋಗುತ್ತದೆ. ಎರಡೂ ಹೊಂದಿಕೆಯಾಗದ ಮಾಹಿತಿಯೇ. ಒಂದನ್ನು ಬಿಡಬೇಕು, ಇನ್ನೊಂದಕ್ಕೆ ಕೂಗಬೇಕು. ಯಾವುದಕ್ಕೆ ಯಾವುದು ಎನ್ನುವುದು ಎಲ್ಲೂ ಬರೆದಿಲ್ಲ; ಅವರ ಇಮೇಲ್‌ಗಳಲ್ಲಿ, ತಲೆಯಲ್ಲಿ ಇದೆ. ನಾವು ಕಟ್ಟುತ್ತಿರುವುದು ಅದನ್ನು.’

ಈ ಉತ್ತರದಲ್ಲಿ ಮಾರುಕಟ್ಟೆಯ ಗಾತ್ರದ ಮಾತೇ ಬರಲಿಲ್ಲ. ಆದರೂ ಕೇಳಿದವರಿಗೆ ಮೂರು ವಿಷಯ ಗೊತ್ತಾಯಿತು: ಇವರು ಆ ಕುರ್ಚಿಯಲ್ಲಿ ಕೂತಿದ್ದರು, ಯಾವ ತಪ್ಪಿಗೆ ಬೆಲೆ ಇದೆ ಎಂದು ಬಲ್ಲರು, ಮತ್ತು ಬೇರೆಯವರು ಇಲ್ಲಿಗೆ ಬರಲು ವರ್ಷಗಳು ಬೇಕು.

ನಿಮ್ಮ ಡೆಕ್ ಅನ್ನು (ಹೂಡಿಕೆದಾರರಿಗೆ ತೋರಿಸುವ ಸ್ಲೈಡ್‌ಗಳನ್ನು) ಒರೆಗೆ ಹಚ್ಚಲು ಒಂದು ಸರಳ ಉಪಾಯವಿದೆ. ನಿಮ್ಮ ಕ್ಷೇತ್ರದ ಬಗ್ಗೆ ಒಂದು ಒಳ್ಳೆಯ ಎಐ ಮಾಡೆಲ್‌ಗೆ ನೇರವಾಗಿ ಪ್ರಶ್ನೆ ಹಾಕಿ: ‘ಇಲ್ಲಿನ ಮುಖ್ಯ ಸಮಸ್ಯೆಗಳೇನು, ಎಐ ಸ್ಟಾರ್ಟಪ್ ಒಂದು ಏನು ಮಾಡಬಹುದು?’ ಬಂದ ಉತ್ತರವನ್ನು ಡೆಕ್ ಪಕ್ಕದಲ್ಲಿಡಿ. ಅದರಲ್ಲಿರುವ ಪ್ರತಿಯೊಂದು ಮಾತನ್ನೂ ಡೆಕ್‌ನಲ್ಲಿ ಹೊಡೆದುಹಾಕುತ್ತ ಬನ್ನಿ. ಕೊನೆಗೆ ನಾಲ್ಕು ಸಾಲು ಉಳಿದರೆ ಅದೇ ನಿಮ್ಮ ಬಂಡವಾಳ. ಏನೂ ಉಳಿಯದಿದ್ದರೆ ಹಣ ಕೇಳುವ ಹೊತ್ತು ಇನ್ನೂ ಬಂದಿಲ್ಲ. ಎರಡು ತಿಂಗಳು ಗ್ರಾಹಕರ ಪಕ್ಕದಲ್ಲಿ ಕೂತು, ಅವರು ಕೆಲಸ ಮಾಡುವುದನ್ನು ನೋಡಿ ಬನ್ನಿ. ಸಮೀಕ್ಷೆಯ ಫಾರಂ ಕಳಿಸಿದರೆ ಸಾಲದು. ಅವರು ಎಲ್ಲಿ ನಿಟ್ಟುಸಿರು ಬಿಡುತ್ತಾರೆ, ಯಾವ ಹಂತದಲ್ಲಿ ನಿಮ್ಮ ಪ್ರಾಡಕ್ಟ್ ಬಿಟ್ಟು ಎಕ್ಸೆಲ್ ತೆರೆಯುತ್ತಾರೆ ಎಂಬುದು ಪಕ್ಕದಲ್ಲಿ ಕೂತವರಿಗೆ ಮಾತ್ರ ಕಾಣುತ್ತದೆ.

ವಯಸ್ಸು ಮೀರಿತು ಎಂದು ಹಿಂಜರಿಯುವವರಿಗೂ ಇಲ್ಲೊಂದು ಮಾತು. ಪಿಯರ್ ಅಜುಲೆ, ಬೆಂಜಮಿನ್ ಜೋನ್ಸ್ ಮತ್ತು ಸಂಗಡಿಗರು ಅಮೆರಿಕದ ದಾಖಲೆಗಳನ್ನು ತೆಗೆದು ನೋಡಿದಾಗ, ಅತಿ ವೇಗವಾಗಿ ಬೆಳೆದ ಸಾವಿರಕ್ಕೊಂದು ಹೊಸ ಕಂಪನಿಯ ಸ್ಥಾಪಕರ ಸರಾಸರಿ ವಯಸ್ಸು, ಕಂಪನಿ ಶುರುಮಾಡುವ ಹೊತ್ತಿಗೆ, 45 ವರ್ಷ. ಕೋಡ್ ಅಗ್ಗವಾದ ಕಾಲದಲ್ಲಿ ಕ್ಷೇತ್ರದೊಳಗೆ ವರ್ಷಗಟ್ಟಲೆ ದುಡಿದ ಅನುಭವಕ್ಕೆ ಬೆಲೆ ಏರುತ್ತದೆ ಎಂದೇ ನನ್ನ ನಂಬಿಕೆ.

ಹೆಜ್ಜೆ 3: ತೀರ್ಮಾನಗಳ ದಿನಚರಿ ಇಡಿ

ಇವತ್ತೇ ಒಂದು ಕಡತ ತೆರೆಯಿರಿ. ದೊಡ್ಡ ತೀರ್ಮಾನವೊಂದನ್ನು ತೆಗೆದುಕೊಂಡಾಗಲೆಲ್ಲ ನಾಲ್ಕು ಸಾಲು ಬರೆದಿಡಿ: ದಿನಾಂಕ, ಏನು ನಿರ್ಧರಿಸಿದಿರಿ, ಆಗ ಏನು ಗೊತ್ತಿತ್ತು, ಏನಾದರೆ ಈ ನಿರ್ಧಾರ ತಪ್ಪೆಂದು ಒಪ್ಪುತ್ತೀರಿ. ಆಮೇಲೆ ಏನಾಯಿತು ಎಂದು ಕೆಳಗೆ ಸೇರಿಸಿ.

ಹೂಡಿಕೆದಾರರು ನಿಮ್ಮನ್ನು ಒಂದೇ ಸಲ ನೋಡಿ ತೀರ್ಮಾನಿಸುವುದಿಲ್ಲ. ಮೊದಲ ಭೇಟಿಗೂ ಎರಡನೆಯ ಭೇಟಿಗೂ ನಡುವೆ ನೀವು ಏನು ಕಲಿತಿರಿ ಎಂದು ನೋಡುತ್ತಾರೆ. ಹೊಸ ಫೀಚರ್‌ಗಳ ಪಟ್ಟಿ ಈಗ ಯಾರನ್ನೂ ಬೆರಗುಗೊಳಿಸದು. ಹತ್ತು ಫೀಚರ್ ಒಂದೇ ವಾರದಲ್ಲಿ ಸೇರಿಸಬಹುದು ಎಂದು ಅವರಿಗೂ ಗೊತ್ತು. ‘ಕಳೆದ ಸಲ ದೊಡ್ಡ ಕಂಪನಿಗಳಿಗೆ ಮಾರುತ್ತೇವೆ ಎಂದಿದ್ದೆವು. ಏಳು ಕಡೆ ಪ್ರಯತ್ನಿಸಿದೆವು, ಐದು ಕಡೆ ಭದ್ರತಾ ಪರಿಶೀಲನೆಯಲ್ಲೇ ಮೂರು ತಿಂಗಳು ಹೋಯಿತು. ಈಗ ಮಧ್ಯಮ ಗಾತ್ರದವರತ್ತ ತಿರುಗಿದ್ದೇವೆ, ಕಾರಣ ಇದು’ ಎಂಬ ಮಾತು ಬೇರೆ ತೂಕದ್ದು. ಅದನ್ನು ಸಭೆಯ ಹಿಂದಿನ ರಾತ್ರಿ ನೆನಪಿನಿಂದ ಹೆಕ್ಕಲು ಹೋದರೆ ಆಗುವುದಿಲ್ಲ. ನೆನಪು ನಮ್ಮನ್ನು ಜಾಣರನ್ನಾಗಿ ತಿದ್ದಿಬಿಡುತ್ತದೆ, ಬರೆದಿಟ್ಟದ್ದು ತಿದ್ದುವುದಿಲ್ಲ.

ಕಟ್ಟದೆ ಬಿಟ್ಟದ್ದನ್ನೂ ಬರೆಯಿರಿ. ಎಲ್ಲವನ್ನೂ ಕಟ್ಟಲು ಸಾಧ್ಯವಿರುವಾಗ ‘ಇದು ಬೇಡ’ ಎಂದದ್ದೇ ನಿಮ್ಮ ವಿವೇಚನೆಗೆ ಸಾಕ್ಷಿ.

ಹೆಜ್ಜೆ 4: ‘ನಾಳೆ ಓಪನ್ಎಐ ಇದನ್ನೇ ಮಾಡಿದರೆ?’

ಈ ಪ್ರಶ್ನೆ ಬಂದೇ ಬರುತ್ತದೆ. ಅದಕ್ಕೆ ಕಾರಣವೂ ಇದೆ. ಎಐಯಿಂದ ಮಾರ್ಕೆಟಿಂಗ್ ಬರಹ ತಯಾರಿಸುವ ಜಾಸ್ಪರ್ ಕಂಪನಿ 2022ರ ಅಕ್ಟೋಬರ್‌ನಲ್ಲಿ 150 ಕೋಟಿ ಡಾಲರ್ ಮೌಲ್ಯದಲ್ಲಿ 12.5 ಕೋಟಿ ಡಾಲರ್ ಎತ್ತಿತು. ಆರು ವಾರ ಕಳೆದು, ನವೆಂಬರ್ 30ರಂದು, ಓಪನ್ಎಐಯ ಚಾಟ್‌ಜಿಪಿಟಿ ಎಲ್ಲರಿಗೂ ಪುಕ್ಕಟೆ ಸಿಕ್ಕಿತು. ಮರುವರ್ಷ ಜಾಸ್ಪರ್ ಸಿಬ್ಬಂದಿ ಕಡಿತ ಮಾಡಬೇಕಾಯಿತು. ಅದನ್ನು ಕಂಡ ಹೂಡಿಕೆದಾರರು ಯಾರೂ ಮರೆತಿಲ್ಲ.

‘ಅವರು ಇಷ್ಟು ಚಿಕ್ಕ ಮಾರುಕಟ್ಟೆಗೆ ಬರುವುದಿಲ್ಲ’ ಎನ್ನಬೇಡಿ. ಚಿಕ್ಕದೆಂದು ನೀವೇ ಒಪ್ಪಿದಂತಾಯಿತು. ‘ನಮ್ಮ ಪ್ರಾಂಪ್ಟ್‌ಗಳು (ಮಾಡೆಲ್‌ಗೆ ಕೊಡುವ ಸೂಚನೆಗಳು) ವಿಶೇಷ’ ಎನ್ನುವುದೂ ಬೇಡ. ಪ್ರಶ್ನೆಯನ್ನು ನೀವೇ ತಿರುಗಿಸಿ ನೋಡಿ: ಮುಂದಿನ ಮಾಡೆಲ್ ಎರಡು ಪಟ್ಟು ಚುರುಕಾಗಿ ಬಂದ ದಿನ ನಿಮ್ಮ ಕಂಪನಿ ಗೆಲ್ಲುತ್ತದೆಯೋ, ಕುಗ್ಗುತ್ತದೆಯೋ? ಗ್ರಾಹಕರ ಒಳವ್ಯವಸ್ಥೆಗಳ ಜೊತೆ ಬೆಸೆದುಕೊಂಡಿದ್ದರೆ, ದಿನದಿನದ ಕೆಲಸದಿಂದ ಬರುವ ತಿದ್ದುಪಡಿಗಳು ನಿಮ್ಮಲ್ಲಿ ಸೇರುತ್ತಿದ್ದರೆ, ಫಲಿತಾಂಶದ ಹೊಣೆಯನ್ನು ನೀವು ಹೊತ್ತಿದ್ದರೆ, ಹೊಸ ಮಾಡೆಲ್ ನಿಮಗೆ ಗಾಳಿ ತುಂಬುತ್ತದೆ. ಇಂದಿನ ಮಾಡೆಲ್‌ನ ಒಂದು ಕೊರತೆಯನ್ನು ಮುಚ್ಚುವುದೇ ನಿಮ್ಮ ಪ್ರಾಡಕ್ಟ್ ಆಗಿದ್ದರೆ ನಿಮ್ಮ ಆಯುಷ್ಯ ಮುಂದಿನ ಬಿಡುಗಡೆಯವರೆಗೆ.

ಇದನ್ನು ಬಾಯಿಮಾತಿನಲ್ಲಿ ಬಿಡದೆ ತೋರಿಸಿ. ನಾನು ಕಂಡಂತೆ ಸಭೆಯ ದಿಕ್ಕನ್ನೇ ಬದಲಿಸುವ ಒಂದು ಹಾಳೆ ಇದೆ: ನಿಮ್ಮದೇ ಮೌಲ್ಯಮಾಪನದ ಹಾಳೆ. ಗ್ರಾಹಕರ ನಿಜವಾದ ಇನ್ನೂರು ಪ್ರಕರಣಗಳನ್ನು, ಅವರ ಒಪ್ಪಿಗೆ ಪಡೆದು, ಆಯ್ದುಕೊಳ್ಳಿ. ಪ್ರತಿಯೊಂದಕ್ಕೂ ಸರಿ ಉತ್ತರ ಏನೆಂದು ಬಲ್ಲವರಿಂದ ಬರೆಸಿ. ಪಕ್ಕದ ಕಾಲಮ್ಮುಗಳಲ್ಲಿ ಮೂರು ಬೇರೆಬೇರೆ ಮಾಡೆಲ್‌ಗಳು ಕೊಟ್ಟ ಉತ್ತರ. ಕೊನೆಯ ಕಾಲಮ್ಮಿನಲ್ಲಿ, ಆ ತಪ್ಪು ಗ್ರಾಹಕರಿಗೆ ಎಷ್ಟು ದುಬಾರಿ ಎಂಬುದು. ಸರಕು ಪತ್ರಗಳ ಉದಾಹರಣೆಯಲ್ಲಾದರೆ, ತೂಕದ ವ್ಯತ್ಯಾಸವನ್ನು ತಪ್ಪಾಗಿ ಎತ್ತಿ ತೋರಿಸಿದರೆ ಗುಮಾಸ್ತರ ಒಂದು ನಿಮಿಷ ಹಾಳು. ಹೆಸರಿನ ವ್ಯತ್ಯಾಸವನ್ನು ಬಿಟ್ಟರೆ ಪಾವತಿಯೇ ನಿಲ್ಲುತ್ತದೆ. ಬರೀ ‘ಶೇಕಡಾ ಇಷ್ಟು ನಿಖರ’ ಎಂಬ ಅಂಕಿ ಈ ಎರಡನ್ನೂ ಒಂದೇ ತಕ್ಕಡಿಗೆ ಹಾಕುತ್ತದೆ. ನಿಮ್ಮ ಹಾಳೆ ಹಾಕುವುದಿಲ್ಲ.

ಜೊತೆಗೇ ಖರ್ಚಿನ ಲೆಕ್ಕ. ಹಳೆಯ ಸಾಫ್ಟ್‌ವೇರ್ ಕಂಪನಿಗಳಲ್ಲಿ ಹೊಸ ಗ್ರಾಹಕರೊಬ್ಬರು ಸೇರಿದರೆ ಹೆಚ್ಚಿಗೆ ಖರ್ಚು ತೀರ ಕಡಿಮೆ. ಎಐ ಪ್ರಾಡಕ್ಟ್‌ನಲ್ಲಿ ಪ್ರತಿ ಪ್ರಶ್ನೆಗೂ ಟೋಕನ್ (ಮಾಡೆಲ್ ಓದಿ ಬರೆಯುವ ಪಠ್ಯದ ತುಣುಕು) ಲೆಕ್ಕದಲ್ಲಿ ಬಿಲ್ ಏರುತ್ತದೆ. ಹೆಚ್ಚು ಬಳಸುವ ಗ್ರಾಹಕರೇ ನಷ್ಟ ತರುವವರಾಗಬಹುದು. ಒಂದು ಕೆಲಸ ಮುಗಿಸಲು ಮಾಡೆಲ್‌ಗೆ ಎಷ್ಟು, ಮನುಷ್ಯರ ಪರಿಶೀಲನೆಗೆ ಎಷ್ಟು, ಗ್ರಾಹಕರು ಕೊಡುವುದು ಎಷ್ಟು: ಈ ಮೂರು ಅಂಕಿ ನಾಲಿಗೆಯ ತುದಿಯಲ್ಲಿರಲಿ. ‘ಟೋಕನ್ ಬೆಲೆ ಇಳಿಯುತ್ತಲೇ ಇದೆ’ ಎಂಬುದು ಅರ್ಧ ಉತ್ತರ. ಬೆಲೆ ಇಳಿದಾಗ ನಿಮ್ಮ ಪ್ರತಿಸ್ಪರ್ಧಿಗೂ ಇಳಿಯುತ್ತದೆ.

ಹೆಜ್ಜೆ 5: ಆದಾಯವನ್ನು ಇದ್ದ ಹಾಗೇ ಹೇಳಿ

ಎಐ ಏನೆಂದು ನೋಡೋಣ ಎಂದು ಕಂಪನಿಗಳು ಪ್ರಯೋಗಕ್ಕೆಂದೇ ಹಣ ತೆಗೆದಿಡುತ್ತಿವೆ. ಆ ಹಣ ಬೇಗ ಬರುತ್ತದೆ, ಅಷ್ಟೇ ಬೇಗ ಹೋಗುತ್ತದೆ. ಆದ್ದರಿಂದ ಮೂರು ತಿಂಗಳ ಪೈಲಟ್‌ನ (ಪ್ರಾಯೋಗಿಕ ಬಳಕೆಯ) ಒಂದು ತಿಂಗಳ ಮೊತ್ತವನ್ನು ಹನ್ನೆರಡರಿಂದ ಗುಣಿಸಿ ‘ವಾರ್ಷಿಕ ಆದಾಯ’ ಎಂದು ಬರೆಯಬೇಡಿ. ಪೈಲಟ್, ಸಹಿ ಆದ ಒಪ್ಪಂದ, ಪಾವತಿ ಬಂದದ್ದು, ನವೀಕರಣ ಆದದ್ದು ಎಂದು ನಾಲ್ಕು ಸಾಲು ಬೇರೆ ಮಾಡಿ. ಮೊದಲ ತಿಂಗಳು ಸೇರಿದವರಲ್ಲಿ ಆರನೆಯ ತಿಂಗಳೂ ಬಳಸುತ್ತಿರುವವರು ಎಷ್ಟು ಎಂಬುದನ್ನು ಕೇಳುವ ಮೊದಲೇ ಇಡಿ. ಅಂಕಿ ಚಿಕ್ಕದಾದೀತು. ಪರವಾಗಿಲ್ಲ, ಬಿಟ್ಟುಹೋದವರು ಯಾಕೆ ಬಿಟ್ಟರು ಎಂದು ಹೇಳಬಲ್ಲವರ ಚಿಕ್ಕ ಅಂಕಿಗೆ ಮರ್ಯಾದೆ ಇದೆ.

ಹೆಜ್ಜೆ 6: ಯಂತ್ರ ಎಷ್ಟು, ಮನುಷ್ಯ ಎಷ್ಟು ಎಂದು ಮುಚ್ಚಿಡಬೇಡಿ

ಎಐ ಎಂದು ಹೇಳಿ ಹಿಂದೆ ಜನರಿಂದ ಕೆಲಸ ಮಾಡಿಸುವುದು, ಇಲ್ಲದ ಎಐಯನ್ನು ಇದೆ ಎನ್ನುವುದು ಈಗ ಬರೀ ಮುಜುಗರದ ವಿಷಯವಾಗಿ ಉಳಿದಿಲ್ಲ. ತಮ್ಮ ಎಐ ಬಳಕೆಯ ಬಗ್ಗೆ ಸುಳ್ಳು ಹೇಳಿದ್ದಕ್ಕೆ ಅಮೆರಿಕದ ಷೇರು ನಿಯಂತ್ರಕ ಸಂಸ್ಥೆ ಎಸ್‌ಇಸಿ 2024ರ ಮಾರ್ಚ್‌ನಲ್ಲಿ ಎರಡು ಹೂಡಿಕೆ ಸಲಹಾ ಸಂಸ್ಥೆಗಳ ಮೇಲೆ ಒಟ್ಟು 4 ಲಕ್ಷ ಡಾಲರ್ ದಂಡ ಹಾಕಿತು. ಜೆಪಿ ಮಾರ್ಗನ್ ಚೇಸ್ 2021ರಲ್ಲಿ 17.5 ಕೋಟಿ ಡಾಲರ್ ಕೊಟ್ಟು ಕೊಂಡ ‘ಫ್ರಾಂಕ್’ ಕಂಪನಿ 40 ಲಕ್ಷಕ್ಕೂ ಹೆಚ್ಚು ಗ್ರಾಹಕರಿದ್ದಾರೆ ಎಂದಿತ್ತು; ಇದ್ದದ್ದು 3 ಲಕ್ಷಕ್ಕಿಂತ ಕಡಿಮೆ. ಅದರ ಸ್ಥಾಪಕಿ 2025ರ ಮಾರ್ಚ್‌ನಲ್ಲಿ ವಂಚನೆಯ ಅಪರಾಧಿ ಎಂದು ತೀರ್ಪಾಯಿತು.

ಇಂಥವುಗಳ ನಂತರ ಹೂಡಿಕೆದಾರರು ಲಾಗ್‌ಗಳನ್ನು (ಸಾಫ್ಟ್‌ವೇರ್ ಏನೇನು ಮಾಡಿತೆಂಬ ದಾಖಲೆಗಳನ್ನು) ತೆರೆಸಿ ನೋಡುತ್ತಾರೆ, ಗ್ರಾಹಕರಿಗೆ ತಾವೇ ಕರೆ ಮಾಡುತ್ತಾರೆ, ಡೆಮೊದಲ್ಲಿ ನೀವು ಸಿದ್ಧಪಡಿಸದ ಕಡತವೊಂದನ್ನು ಹಾಕಿ ನೋಡಿ ಎನ್ನುತ್ತಾರೆ. ‘ನೂರರಲ್ಲಿ ಮೂವತ್ತು ಪ್ರಕರಣಗಳನ್ನು ನಮ್ಮವರೇ ನೋಡುತ್ತಾರೆ, ಆರು ತಿಂಗಳ ಹಿಂದೆ ಅರವತ್ತಿತ್ತು’ ಎಂದು ನೀವೇ ಮೊದಲು ಹೇಳಿಬಿಟ್ಟರೆ ಅದು ಪ್ರಗತಿಯ ಮಾತು. ಅವರೇ ಕಂಡುಹಿಡಿದರೆ ಅದೇ ಅಂಕಿ ನಿಮ್ಮ ಎದುರು ಸಾಕ್ಷಿ ಹೇಳುತ್ತದೆ.

ನೀವು ಕೊಟ್ಟ ಪಟ್ಟಿಯಲ್ಲಿ ಇಲ್ಲದವರನ್ನೂ ಅವರು ವಿಚಾರಿಸುತ್ತಾರೆ: ಹಳೆಯ ಮ್ಯಾನೇಜರ್, ಬಿಟ್ಟುಹೋದ ಸಹಸ್ಥಾಪಕ, ರದ್ದು ಮಾಡಿದ ಗ್ರಾಹಕ. ಅಂಥ ಹತ್ತು ಜನರ ಹೆಸರು ಬರೆದುಕೊಂಡು, ಪ್ರತಿಯೊಬ್ಬರೂ ನಿಮ್ಮ ಬಗ್ಗೆ ಏನು ಹೇಳಿಯಾರು ಎಂದು ಯೋಚಿಸಿ. ಸರಿಪಡಿಸಬೇಕಾದ ಸಂಬಂಧ ಇದ್ದರೆ ಈಗಲೇ ಫೋನ್ ಮಾಡಿ. ಹಣಕ್ಕಾಗಿ ಎಂದಲ್ಲ, ಹೇಗೂ ಮಾಡಬೇಕಾದ ಫೋನ್ ಅದು.

ಹೆಜ್ಜೆ 7: ಪಿಚ್ ನಿಮ್ಮ ದನಿಯಲ್ಲೇ ಇರಲಿ

ಡೆಕ್‌ನಂಥ ಕಡತಗಳನ್ನು ಕಳಿಸಿ, ಓದಿದ್ದನ್ನು ಗಮನಿಸಲು ನೆರವಾಗುವ ಡಾಕ್‌ಸೆಂಡ್ ಕಂಪನಿ 2015ರಲ್ಲಿ ಇನ್ನೂರು ಸ್ಟಾರ್ಟಪ್‌ಗಳ ಡೆಕ್‌ಗಳನ್ನು ಗಮನಿಸಿದಾಗ ಹೂಡಿಕೆದಾರರು ಒಂದು ಡೆಕ್ ನೋಡಲು ಕೊಟ್ಟ ಸರಾಸರಿ ಸಮಯ 3 ನಿಮಿಷ 44 ಸೆಕೆಂಡ್. ಅವರ ಇನ್‌ಬಾಕ್ಸ್‌ನಲ್ಲಿ ಈಗ ಎಐ ಬರೆದ, ಒಂದೇ ಅಚ್ಚಿನ ಪತ್ರಗಳ ರಾಶಿಯಿದೆ. ಸಂಶೋಧನೆಗೆ, ಲೆಕ್ಕ ಪರೀಕ್ಷೆಗೆ, ಕಠಿಣ ಪ್ರಶ್ನೆಗಳ ಅಭ್ಯಾಸಕ್ಕೆ ಎಐ ಧಾರಾಳವಾಗಿ ಬಳಸಿ. ಮೊದಲ ಇಮೇಲನ್ನು ಮಾತ್ರ ಕೈಯಾರೆ ಬರೆಯಿರಿ, ಆರು ಸಾಲಿನಲ್ಲಿ. ವೈ ಕಾಂಬಿನೇಟರ್ ಸಂದರ್ಶನ ಹತ್ತೇ ನಿಮಿಷದ್ದು. ಅಲ್ಲಿ ಸ್ಲೈಡ್‌ಗೆ ಜಾಗವಿಲ್ಲ. ಸ್ಲೈಡ್ ಮುಚ್ಚಿಟ್ಟು ಮಾತಾಡಿ ಅಭ್ಯಾಸ ಮಾಡಿ.

ಪ್ರಶ್ನೆಯ ಧಾಟಿಯನ್ನೂ ಗುರುತಿಸಲು ಕಲಿಯಬೇಕು, ಮಹಿಳಾ ಸ್ಥಾಪಕರಂತೂ ವಿಶೇಷವಾಗಿ. ಡಾನಾ ಕಾಂಜ್ ಮತ್ತು ಸಂಗಡಿಗರು ನ್ಯೂಯಾರ್ಕ್‌ನ ಒಂದು ಸ್ಟಾರ್ಟಪ್ ಸ್ಪರ್ಧೆಯ ಪ್ರಶ್ನೋತ್ತರಗಳನ್ನು ಪರಿಶೀಲಿಸಿದಾಗ, ಗಂಡಸರಿಗೆ ಬಂದ ಪ್ರಶ್ನೆಗಳಲ್ಲಿ ಶೇ 67ರಷ್ಟು ಬೆಳವಣಿಗೆಯ ಬಗ್ಗೆ (‘ಹೇಗೆ ದೊಡ್ಡದು ಮಾಡುತ್ತೀರಿ?’), ಹೆಂಗಸರಿಗೆ ಬಂದವುಗಳಲ್ಲಿ ಶೇ 66ರಷ್ಟು ಅಪಾಯದ ಬಗ್ಗೆ (‘ಇರುವುದನ್ನು ಹೇಗೆ ಉಳಿಸಿಕೊಳ್ಳುತ್ತೀರಿ?’) ಇದ್ದವು. ಇದು ಅನ್ಯಾಯ, ಸರಿಯಾಗಬೇಕಾದದ್ದು ಕೇಳುವವರ ಕಡೆ. ಆದರೆ ನಾಳೆಯೇ ಸಭೆ ಇರುವವರಿಗೆ ಅದೇ ಅಧ್ಯಯನದಲ್ಲಿ ಒಂದು ಆಸರೆಯೂ ಇದೆ: ಅಪಾಯದ ಪ್ರಶ್ನೆಗೆ ಬೆಳವಣಿಗೆಯ ಉತ್ತರ ಕೊಟ್ಟವರು ಹೆಚ್ಚು ಹಣ ಎತ್ತಿದ್ದರು. ‘ಗ್ರಾಹಕರು ಬಿಟ್ಟುಹೋದರೆ?’ ಎಂದಾಗ ಎರಡು ವಾಕ್ಯದಲ್ಲಿ ನೇರ ಉತ್ತರ ಕೊಟ್ಟು, ಮೂರನೆಯ ವಾಕ್ಯದಲ್ಲಿ ‘ಉಳಿದವರು ಯಾವ ಹೊಸ ಕೆಲಸಗಳಿಗೆ ಬಳಸಲು ಶುರುಮಾಡಿದ್ದಾರೆ ಎಂದರೆ...’ ಎಂದು ಮುಂದೆ ನಡೆಯಿರಿ.

ಹೆಜ್ಜೆ 8: ತಂಡದ ಪ್ರಶ್ನೆ

ಫೇಸ್‌ಬುಕ್ 2012ರಲ್ಲಿ 100 ಕೋಟಿ ಡಾಲರ್‌ಗೆ ಕೊಳ್ಳಲು ಮುಂದಾದಾಗ ಇನ್‌ಸ್ಟಾಗ್ರಾಮ್‌ನಲ್ಲಿ ಇದ್ದವರು 13 ಜನ. ಚಿಕ್ಕ ತಂಡ ಹೊಸದೇನಲ್ಲ. ಎಐ ಇರುವಾಗ ಪ್ರತಿಯೊಬ್ಬ ಹೊಸ ಉದ್ಯೋಗಿಗೂ ಕಾರಣ ಕೊಡಬೇಕಾಗುತ್ತದೆ, ಅಷ್ಟೇ. ಮೊದಲ ಮೂರು ನೇಮಕಾತಿ ಯಾರದು, ಆ ಕೆಲಸವನ್ನು ಯಂತ್ರಕ್ಕೆ ಏಕೆ ಬಿಡಲಾಗದು ಎಂದು ಹೇಳಲು ಸಿದ್ಧರಿರಿ. ಸಹಸ್ಥಾಪಕರಿದ್ದರೆ, ನಿಮ್ಮಿಬ್ಬರ ನಡುವೆ ಕೊನೆಯ ಬಾರಿ ನಿಜವಾದ ಭಿನ್ನಾಭಿಪ್ರಾಯ ಯಾವಾಗ ಬಂತು, ಹೇಗೆ ಮುಗಿಯಿತು ಎಂದು ಕೇಳುತ್ತಾರೆ. ‘ನಮ್ಮಲ್ಲಿ ಭಿನ್ನಾಭಿಪ್ರಾಯವೇ ಇಲ್ಲ’ ಎಂಬ ಉತ್ತರವನ್ನು ಯಾರೂ ನಂಬುವುದಿಲ್ಲ.

ಹೆಜ್ಜೆ 9: ಈಗ ನೀವು ಅವರನ್ನು ಅಳೆಯಿರಿ

ಹಣ ತೆಗೆದುಕೊಂಡ ಮೇಲೆ ಇವರ ಜೊತೆ ಹತ್ತು ವರ್ಷ ಇರಬೇಕಾದೀತು, ಬಿಡಿಸಿಕೊಳ್ಳುವುದು ಸುಲಭವಲ್ಲ. ಅವರು ನಿಮ್ಮ ಬಗ್ಗೆ ಹತ್ತು ಕರೆ ಮಾಡಿದರೆ ನೀವು ಐದಾದರೂ ಮಾಡಿ. ಗೆದ್ದ ಕಂಪನಿಗಳ ಸ್ಥಾಪಕರ ಪರಿಚಯ ಅವರೇ ಮಾಡಿಸುತ್ತಾರೆ. ಅಲ್ಲಿಂದ ಹೊಗಳಿಕೆಯೇ ಬರುತ್ತದೆ. ಅವರು ಹಣ ಹಾಕಿ ಮುಚ್ಚಿಹೋದ ಎರಡು ಕಂಪನಿಗಳನ್ನು ನೀವೇ ಹುಡುಕಿ, ಅವುಗಳ ಸ್ಥಾಪಕರ ಜೊತೆ ಅರ್ಧ ಗಂಟೆ ಮಾತಾಡಿ. ಹಣ ಮುಗಿಯುತ್ತ ಬಂದ ಆ ತಿಂಗಳಲ್ಲಿ ಈ ಹೂಡಿಕೆದಾರರು ನಿಮ್ಮ ಫೋನ್ ಎತ್ತುತ್ತಿದ್ದರಾ ಎಂದು ಕೇಳಿ, ಉತ್ತರಕ್ಕೆ ಮೊದಲು ಅವರು ಎಷ್ಟು ಹೊತ್ತು ಸುಮ್ಮನಿದ್ದರು ಎಂಬುದನ್ನೂ ಗುರುತು ಹಾಕಿಕೊಳ್ಳಿ.